ಮಂತ್ರಿ ಯಾರಿಗೆ ಸೇರಿದವನು? ಚಿಲಿಯನ್ನು ಅಂತರ್ಯುದ್ಧಕ್ಕೆ ತಳ್ಳಿದ ಪ್ರಶ್ನೆ

1891ರ ಜನವರಿ 7ರಂದು ಚಿಲಿಯ ನೌಕಾಪಡೆ ವಾಲ್ಪರೈಸೊ ಬಂದರಿನಲ್ಲಿ ದೇಶದ ಅಧ್ಯಕ್ಷರ ವಿರುದ್ಧ ಬಂಡೆದ್ದಿತು. ನಾವಿಕರ ಜೊತೆಗೆ ಇಬ್ಬರು ರಾಜಕಾರಣಿಗಳೂ ಹಡಗು ಹತ್ತಿದ್ದರು. ಒಬ್ಬರು ಸೆನೆಟ್‌ನ ಉಪಾಧ್ಯಕ್ಷ ವಾಲ್ದೊ ಸಿಲ್ವ. ಇನ್ನೊಬ್ಬರು ಕೆಳಮನೆಯ ಅಧ್ಯಕ್ಷ ರಾಮೋನ್ ಬಾರೋಸ್ ಲೂಕೊ. ಈ ಬಾರೋಸ್ ಲೂಕೊ 1889ರ ಮಧ್ಯದವರೆಗೂ ಅದೇ ಅಧ್ಯಕ್ಷರ ಸಂಪುಟದಲ್ಲಿ ಒಳಾಡಳಿತ ಸಚಿವರಾಗಿದ್ದವರು, ಎಂದರೆ ಸರ್ಕಾರದ ಎರಡನೆಯ ದೊಡ್ಡ ಮನುಷ್ಯ. ನಿನ್ನೆ ಮೊನ್ನೆ ಅಧ್ಯಕ್ಷರ ಆದೇಶಗಳಿಗೆ ಸಹಿ ಹಾಕುತ್ತಿದ್ದವರೇ ಇಂದು ಅವರ ಮೇಲೆ ಫಿರಂಗಿ ತಿರುಗಿಸುವವರ ಸಾಲಿನಲ್ಲಿದ್ದರು.

ಆ ಅಧ್ಯಕ್ಷರ ಹೆಸರು ಹೋಸೆ ಮನುವೆಲ್ ಬಾಲ್ಮಸೇದ. ಅವರ ಪತನಕ್ಕೆ ಇತಿಹಾಸಕಾರರು ಹಲವು ಕಾರಣ ಕೊಡುತ್ತಾರೆ. ನೈಟ್ರೇಟ್ ಗಣಿಗಳ ಹಣ, ಬ್ರಿಟಿಷ್ ಬಂಡವಾಳಗಾರರ ಹಿತಾಸಕ್ತಿ, ರಾಜಧಾನಿ ಸಾಂತಿಯಾಗೊದ ಸಿರಿವಂತ ಮನೆತನಗಳ ಅಸಹನೆ, ಎಲ್ಲಕ್ಕೂ ಅದರಲ್ಲಿ ಪಾಲಿದೆ. ಆದರೆ ಜಗಳ ನಡೆದದ್ದು ಒಂದು ಸರಳವಾದ ಪ್ರಶ್ನೆಯ ಮೇಲೆ: ಮಂತ್ರಿಯಾದವನು ಅಧ್ಯಕ್ಷನಿಗೆ ಸೇರಿದವನೋ, ಸಂಸತ್ತಿಗೆ ಸೇರಿದವನೋ? ಈ ಪ್ರಶ್ನೆಗೆ ಚಿಲಿಯ ಸಂವಿಧಾನ ಸುಮಾರು 60 ವರ್ಷ ಸ್ಪಷ್ಟ ಉತ್ತರ ಕೊಡದೆ ಉಳಿದುಬಿಟ್ಟಿತ್ತು. ಉಳಿದೆಲ್ಲ ಕಾರಣಗಳೂ ಈ ಬಿರುಕಿನ ಮೂಲಕವೇ ಒಳಗೆ ನುಗ್ಗಿದವು ಎಂದು ನನಗೆ ಅನ್ನಿಸುತ್ತದೆ.

1833ರ ಸಂವಿಧಾನ ಅಧ್ಯಕ್ಷನನ್ನು ಹೆಚ್ಚುಕಡಿಮೆ ಕಿರೀಟವಿಲ್ಲದ ರಾಜನನ್ನಾಗಿ ಮಾಡಿತ್ತು. ಮಂತ್ರಿಗಳನ್ನು ನೇಮಿಸುವುದೂ ತೆಗೆಯುವುದೂ ಅವನ ಇಚ್ಛೆ. ಪ್ರಾಂತ್ಯಗಳ ಆಡಳಿತಾಧಿಕಾರಿಗಳು ಅವನ ಪ್ರತಿನಿಧಿಗಳು. ಐದು ವರ್ಷದ ಅವಧಿ, ಅದರ ಮೇಲೆ ಮತ್ತೊಮ್ಮೆ ಆಯ್ಕೆಯಾಗುವ ಅವಕಾಶ. ಆ ಅವಕಾಶ ರದ್ದಾದದ್ದು 1871ರಲ್ಲಿ. ಆದರೆ ಅದೇ ಸಂವಿಧಾನ ಎರಡು ಬೀಗಗಳನ್ನೂ ಇಟ್ಟಿತ್ತು. ಸಂಬಂಧಪಟ್ಟ ಮಂತ್ರಿಯ ಸಹಿ ಇಲ್ಲದೆ ಅಧ್ಯಕ್ಷನ ಯಾವ ಆದೇಶವನ್ನೂ ಪಾಲಿಸಬೇಕಿಲ್ಲ ಎಂಬುದು ಒಂದು. ಇನ್ನೊಂದು, ಹಣ ಮತ್ತು ಸೈನ್ಯಕ್ಕೆ ಸಂಬಂಧಿಸಿದ್ದು. ಬಜೆಟ್ಟಿಗೆ ಹಾಗೂ ಸೈನ್ಯದ ಗಾತ್ರಕ್ಕೆ ಪ್ರತಿವರ್ಷ, ತೆರಿಗೆ ವಸೂಲಿಗೆ ಪ್ರತಿ 18 ತಿಂಗಳಿಗೊಮ್ಮೆ ಸಂಸತ್ತಿನ ಒಪ್ಪಿಗೆ ಬೇಕು. ಸಂಸತ್ತು ಸುಮ್ಮನೆ ಕೈಕಟ್ಟಿ ಕುಳಿತರೂ ಸಾಕು, ಸರ್ಕಾರದ ಉಸಿರು ನಿಲ್ಲುತ್ತದೆ.

ಆರಂಭದ ದಶಕಗಳಲ್ಲಿ ಆ ಬೀಗಗಳನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಆಗ ಮಂತ್ರಿಪದವಿಗೆ ಎಂಥ ತೂಕವಿತ್ತು ಎನ್ನುವುದಕ್ಕೆ ಡಿಯೆಗೊ ಪೊರ್ತಾಲೆಸ್ ಸಾಕ್ಷಿ. ಈ ವ್ಯಾಪಾರಿ ಎಂದೂ ಅಧ್ಯಕ್ಷನಾಗಲಿಲ್ಲ. ಒಳಾಡಳಿತ, ವಿದೇಶಾಂಗ, ಯುದ್ಧ, ನೌಕಾಪಡೆ ಖಾತೆಗಳನ್ನು ಒಟ್ಟಿಗೆ ಕೈಯಲ್ಲಿಟ್ಟುಕೊಂಡು ದೇಶವನ್ನು ತನ್ನ ಅಚ್ಚಿಗೆ ಹೊಯ್ದ. 1837ರ ಜೂನ್‌ನಲ್ಲಿ ಬಂಡಾಯ ಸೈನಿಕರು ವಾಲ್ಪರೈಸೊ ಬಳಿ ಅವನನ್ನು ಗುಂಡಿಕ್ಕಿ ಕೊಂದರು. ದೇಶದ ನಿಜವಾದ ಯಜಮಾನ ಯಾರೆಂದು ಕೊಂದವರಿಗೂ ಗೊತ್ತಿತ್ತು.

ಪೊರ್ತಾಲೆಸ್ ಬಿಟ್ಟುಹೋದ ವ್ಯವಸ್ಥೆಯಲ್ಲಿ ಒಳಾಡಳಿತ ಸಚಿವನೇ ಸಂಪುಟದ ಮುಖ್ಯಸ್ಥ. ಅಧ್ಯಕ್ಷ ಇಲ್ಲದಾಗ ‘ಉಪಾಧ್ಯಕ್ಷ’ ಎಂಬ ಬಿರುದಿನಲ್ಲಿ ಅಧಿಕಾರ ನಡೆಸುವವನೂ ಅವನೇ. ಎಲ್ಲಕ್ಕಿಂತ ಮುಖ್ಯವಾಗಿ, ಚುನಾವಣೆಗಳನ್ನು ‘ಮಾಡುವವನು’ ಅವನು. ಪ್ರಾಂತ್ಯಾಧಿಕಾರಿಯಿಂದ ಹಿಡಿದು ಹಳ್ಳಿಯ ಮಟ್ಟದ ಅಧಿಕಾರಿಯವರೆಗೆ ಎಲ್ಲರೂ ಅವನ ಕೈಕೆಳಗಿನವರು. ಯಾವ ಊರಿನಿಂದ ಯಾರು ಗೆಲ್ಲಬೇಕೆಂಬ ಪಟ್ಟಿ ಸಾಂತಿಯಾಗೊದಲ್ಲೇ ಸಿದ್ಧವಾಗುತ್ತಿತ್ತು. ಮನುವೆಲ್ ಮೊಂತ್, ದೊಮಿಂಗೊ ಸಾಂತ ಮರಿಯ, ಬಾಲ್ಮಸೇದ ಮೂವರೂ ಅಧ್ಯಕ್ಷರಾಗುವ ಮೊದಲು ಆ ಖಾತೆಯಲ್ಲಿ ಕುಳಿತವರು. ಹೀಗೆ ಸರ್ಕಾರವೇ ಆರಿಸಿ ತಂದ ಸಂಸತ್ತು ಸರ್ಕಾರಕ್ಕೆ ಹೇಗೆ ಎದುರಾಡೀತು?

ಆದರೂ ಎದುರಾಡಿತು. 1857ರಲ್ಲಿ ಮೊಂತ್ ಅವರು ಸಂಪುಟ ಬದಲಿಸುವವರೆಗೆ ಬಜೆಟ್ ಚರ್ಚೆ ಇಲ್ಲ ಎಂದು ಸೆನೆಟ್ ಪಟ್ಟುಹಿಡಿಯಿತು. ಮೊಂತ್ ಕಬ್ಬಿಣದಂಥ ಮನುಷ್ಯ. ರಾಜೀನಾಮೆ ಕೊಡುವ ಯೋಚನೆಯನ್ನೂ ಮಾಡಿದರು, ಕೊನೆಗೆ ಬಾಗಿದರು. ಅಲ್ಲಿಂದ ಮುಂದೆ ಖಂಡನಾ ನಿರ್ಣಯ, ಮಂತ್ರಿಗಳನ್ನು ಸದನಕ್ಕೆ ಕರೆದು ಪ್ರಶ್ನಿಸುವುದು, ಬಹುಮತ ಕಳೆದುಕೊಂಡ ಸಂಪುಟ ತಾನಾಗಿ ಇಳಿಯುವುದು ಇವೆಲ್ಲ ನಿಧಾನವಾಗಿ ರೂಢಿಯಾದವು. ಸಂವಿಧಾನದ ಯಾವ ವಿಧಿಯಲ್ಲೂ ಇದು ಬರೆದಿರಲಿಲ್ಲ. ಒಂದು ಕಡೆಯವರು ರೂಢಿಯೇ ಕಾನೂನು ಎಂದರು. ಇನ್ನೊಂದು ಕಡೆಯವರು ಬರೆದದ್ದಷ್ಟೇ ಕಾನೂನು ಎಂದರು. ಇಬ್ಬರ ಮಾತಿನಲ್ಲೂ ಹುರುಳಿತ್ತು, ಅದೇ ಅಪಾಯ.

1879ರಲ್ಲಿ ಪೆರು ಮತ್ತು ಬೊಲಿವಿಯಾಗಳೊಂದಿಗೆ ಆರಂಭವಾದ ಯುದ್ಧದಲ್ಲಿ ಚಿಲಿ ಗೆದ್ದು ಉತ್ತರದ ಮರುಭೂಮಿಯನ್ನು ವಶಪಡಿಸಿಕೊಂಡಿತು. ಅಲ್ಲಿನ ನೈಟ್ರೇಟ್ ಯುರೋಪಿನ ಹೊಲಗಳಿಗೆ ಗೊಬ್ಬರ, ಚಿಲಿಯ ಬೊಕ್ಕಸಕ್ಕೆ ರಫ್ತು ಸುಂಕ. 1890ರ ಹೊತ್ತಿಗೆ ಸರ್ಕಾರದ ಆದಾಯದ ಸುಮಾರು ಅರ್ಧ ಆ ಸುಂಕದಿಂದಲೇ ಬರುತ್ತಿತ್ತು. ಜನರ ಮೇಲೆ ತೆರಿಗೆ ಹಾಕದೆಯೇ ಅಧ್ಯಕ್ಷನ ಕೈಯಲ್ಲಿ ಹಿಂದೆಂದೂ ಇಲ್ಲದಷ್ಟು ದುಡ್ಡು, ಗುತ್ತಿಗೆ, ನೌಕರಿ! ಆ ಹಣದ ಮೇಲೆ ಹಿಡಿತ ಯಾರದು ಎಂಬುದು ಈಗ ತಾತ್ವಿಕ ಚರ್ಚೆಯಾಗಿ ಉಳಿಯಲಿಲ್ಲ.

ಇಂಥ ಹೊತ್ತಿನಲ್ಲಿ, 1886ರ ಸೆಪ್ಟೆಂಬರ್ 18ರಂದು, ಬಾಲ್ಮಸೇದ ಅಧಿಕಾರ ವಹಿಸಿಕೊಂಡರು. ಸಾಂತ ಮರಿಯ ಅವರ ಒಳಾಡಳಿತ ಸಚಿವರಾಗಿ ನಾಗರಿಕ ವಿವಾಹ ಮತ್ತು ನಾಗರಿಕ ನೋಂದಣಿಯ ಕಾನೂನುಗಳನ್ನು ಚರ್ಚ್‌ನ ವಿರೋಧದ ನಡುವೆ ದಾಟಿಸಿದವರು ಅವರು, ಸೊಗಸಾದ ಮಾತುಗಾರ. ಅಧ್ಯಕ್ಷರಾದಾಗ ಹಳೆಯ ಗಾಯಗಳನ್ನು ಮಾಯಿಸುವ ಆಸೆ ಅವರಲ್ಲಿ ಪ್ರಾಮಾಣಿಕವಾಗಿಯೇ ಇತ್ತು. ಲಿಬರಲ್ಲರ ಚೂರುಚೂರಾದ ಗುಂಪುಗಳನ್ನೆಲ್ಲ ಒಂದೇ ಸೂರಿನಡಿ ತರಬೇಕೆಂಬುದು ಅವರ ಕನಸು. ಮೊದಲ ಸಂಪುಟದ ಮುಖ್ಯಸ್ಥರನ್ನಾಗಿ ಆರಿಸಿದ್ದು ಕವಿ ಎಯುಸೇಬಿಯೊ ಲಿಯೊ ಅವರನ್ನು. ಚಿಲಿಯರು ಇಂದಿಗೂ ಹಾಡುವ ರಾಷ್ಟ್ರಗೀತೆಯ ಸಾಲುಗಳು ಅವರವೇ.

ಕವಿಯ ಸಂಪುಟ ಕೆಲವೇ ತಿಂಗಳಲ್ಲಿ ಹೋಯಿತು. ಆಮೇಲೆ ಕಾರ್ಲೋಸ್ ಅಂತೂನೆಸ್ ಬಂದರು, ಅವರ ನಂತರ ಅನಿಬಾಲ್ ಸನ್ಯಾರ್ತು, ಪೆದ್ರೊ ಲೂಸಿಯೊ ಕ್ವಾದ್ರ, ಬಾರೋಸ್ ಲೂಕೊ, ದೆಮೆತ್ರಿಯೊ ಲಸ್ತಾರಿಯ. ಐದು ವರ್ಷ ತುಂಬುವುದರೊಳಗೆ ಆ ಕುರ್ಚಿಯಲ್ಲಿ ಕುಳಿತವರು 12ಕ್ಕೂ ಹೆಚ್ಚು. ಒಂದು ಗುಂಪನ್ನು ಒಲಿಸಿದರೆ ಇನ್ನೊಂದು ಮುನಿಯುತ್ತಿತ್ತು. ಖಾತೆ ಸಿಗದ ಪ್ರತಿಯೊಂದು ಬಣವೂ ವಿರೋಧ ಪಕ್ಷವಾಯಿತು.

ಈ ಗೊಂದಲದ ನಡುವೆಯೂ ಆ ಮಂತ್ರಿಗಳು ಮಾಡಿದ ಕೆಲಸ ಸಣ್ಣದಲ್ಲ, ಅದನ್ನು ಮರೆಯುವುದು ಅನ್ಯಾಯ. 1887ರಲ್ಲಿ ಆಡಳಿತವನ್ನು ಪುನರ್ರಚಿಸಿ ಕೈಗಾರಿಕೆ ಮತ್ತು ಲೋಕೋಪಯೋಗಿ ಇಲಾಖೆಯನ್ನು ಹುಟ್ಟುಹಾಕಲಾಯಿತು. ನೈಟ್ರೇಟ್ ಒಂದು ದಿನ ಮುಗಿಯುತ್ತದೆ, ಅಷ್ಟರೊಳಗೆ ಆ ಹಣ ರೈಲು, ಸೇತುವೆ, ಶಾಲೆಗಳಾಗಿ ಊರಬೇಕು ಎಂಬ ಅಧ್ಯಕ್ಷರ ಯೋಜನೆಗೆ ಇದು ಕೈಕಾಲು. ಹೊಸ ಇಲಾಖೆಯ ಮೊದಲ ಮಂತ್ರಿ ಪೆದ್ರೊ ಮೊಂತ್, 1857ರಲ್ಲಿ ಸೆನೆಟ್‌ಗೆ ಬಾಗಿದ್ದ ಆ ಮೊಂತ್ ಅವರ ಮಗ. ದಕ್ಷಿಣದಲ್ಲಿ ಮಯೆಕೊ ನದಿಯ ಕಮರಿಯ ಮೇಲೆ 102 ಮೀಟರ್ ಎತ್ತರದ ರೈಲು ಸೇತುವೆ ಎದ್ದಿತು. ಸಾಂತಿಯಾಗೊದ ನಡುವೆ ಹರಿಯುವ ಮಪೋಚೊ ನದಿಗೆ ಕಾಲುವೆ ಕಟ್ಟಲಾಯಿತು. ಪ್ರೌಢಶಾಲಾ ಶಿಕ್ಷಕರನ್ನು ತಯಾರಿಸುವ ಪೆಡಗಾಜಿಕಲ್ ಇನ್‌ಸ್ಟಿಟ್ಯೂಟ್ 1889ರಲ್ಲಿ ಆರಂಭವಾಯಿತು. ಮಯೆಕೊ ಸೇತುವೆಯನ್ನು ಬಾಲ್ಮಸೇದ ಉದ್ಘಾಟಿಸಿದ್ದು 1890ರ ಅಕ್ಟೋಬರ್ 26ರಂದು. ಆ ಹೊತ್ತಿಗೆ ಅವರ ಸರ್ಕಾರಕ್ಕೆ ಉಳಿದಿದ್ದುದು ಹತ್ತು ತಿಂಗಳು.

ಮುರಿದುಬಿದ್ದದ್ದು ಉತ್ತರಾಧಿಕಾರಿಯ ವಿಷಯದಲ್ಲಿ. ಹಿಂದಿನ ಅಧ್ಯಕ್ಷರಂತೆ ಇವರೂ ತಮ್ಮ ಮುಂದಿನವರನ್ನು ತಾವೇ ಆರಿಸಲು ಹೊರಟಿದ್ದಾರೆ, ಆ ವ್ಯಕ್ತಿ ಎನ್ರಿಕೆ ಸಾಲ್ವದೋರ್ ಸಾನ್‌ಫುಯೆಂತೆಸ್ ಎಂಬ ಅನುಮಾನ ದಟ್ಟವಾಗಿತ್ತು. 1890ರ ಜನವರಿಯಲ್ಲಿ ಬಾಲ್ಮಸೇದ ಸಂಸತ್ತಿನ ವಿಶೇಷ ಅಧಿವೇಶನವನ್ನು ಮುಗಿಸಿ, ಬಹುಮತವಿಲ್ಲದ ಸಂಪುಟವೊಂದನ್ನು ನೇಮಿಸಿದರು. ಮೇ ಕೊನೆಯಲ್ಲಿ ಸ್ವತಃ ಸಾನ್‌ಫುಯೆಂತೆಸ್ ಅವರನ್ನೇ ಒಳಾಡಳಿತ ಸಚಿವರನ್ನಾಗಿ ಮಾಡಿದರು. ತಾನು ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಲ್ಲ ಎಂದು ಸಾನ್‌ಫುಯೆಂತೆಸ್ ಬಹಿರಂಗವಾಗಿ ಘೋಷಿಸಿದರೂ ಯಾರೂ ನಂಬಲಿಲ್ಲ. ಎರಡೂ ಸದನಗಳು ಸಂಪುಟವನ್ನು ಖಂಡಿಸಿದವು. ರೂಢಿಯ ಪ್ರಕಾರ ಮಂತ್ರಿಗಳು ಅಂದೇ ಇಳಿಯಬೇಕಿತ್ತು. ಅವರು ಇಳಿಯಲಿಲ್ಲ. ಅಧ್ಯಕ್ಷರ ವಿಶ್ವಾಸ ಇರುವವರೆಗೆ ನಮಗೆ ಬೇರಾರ ವಿಶ್ವಾಸವೂ ಬೇಕಿಲ್ಲ ಎಂಬುದು ಅವರ ನಿಲುವು.

ಇಲ್ಲಿ ಎರಡೂ ಕಡೆಯವರು ತಪ್ಪಿದರು ಎಂಬುದು ನನ್ನ ಅಭಿಪ್ರಾಯ. ದಶಕಗಳ ರೂಢಿಯಿಂದ ತಾನೂ ಮೇಲೆ ಬಂದಿದ್ದ ಬಾಲ್ಮಸೇದ, ಅದು ತನಗೆ ಅಡ್ಡಬಂದಾಗ ಅಕ್ಷರಶಃ ಸಂವಿಧಾನವನ್ನು ಎತ್ತಿ ಹಿಡಿದರು. ಸಂಸತ್ತಿನವರಾದರೋ, ಸರ್ಕಾರಿ ಹಸ್ತಕ್ಷೇಪದ ಚುನಾವಣೆಗಳಲ್ಲೇ ಗೆದ್ದು ಬಂದಿದ್ದವರು, ಇದ್ದಕ್ಕಿದ್ದಂತೆ ಮತದಾನದ ಪಾವಿತ್ರ್ಯದ ಬಗ್ಗೆ ಭಾಷಣ ಮಾಡಿದರು.

ಜೂನ್‌ನಲ್ಲಿ ಕೆಳಮನೆ ಹಳೆಯ ಬೀಗ ಜಡಿಯಿತು: ವಿಶ್ವಾಸಾರ್ಹ ಸಂಪುಟ ಬರುವವರೆಗೆ ತೆರಿಗೆ ಕಾನೂನಿನ ಚರ್ಚೆಯೇ ಇಲ್ಲ. ಜುಲೈ ಬಂತು, ಕಾನೂನಿನ ಅವಧಿ ಮುಗಿಯಿತು, ವಸೂಲಿ ನಿಂತಿತು. ಅದೇ ತಿಂಗಳು ಉತ್ತರದ ನೈಟ್ರೇಟ್ ಸೀಮೆಯ ಇಕೀಕೆ ಬಂದರಿನ ಕಾರ್ಮಿಕರು ಮುಷ್ಕರ ಹೂಡಿದರು. ಅದು ನೈಟ್ರೇಟ್ ಗಣಿಗಳಿಗೂ ವಾಲ್ಪರೈಸೊಗೂ ಹಬ್ಬಿ ರಕ್ತ ಹರಿಯಿತು. ಮಂತ್ರಿಗಳ ಕುರ್ಚಿಯ ಬಗ್ಗೆ ಕಾದಾಡುತ್ತಿದ್ದ ಯಾವ ಪಕ್ಷದ ಬಳಿಯೂ ಆ ಕಾರ್ಮಿಕರಿಗೆ ಹೇಳಲು ಮಾತಿರಲಿಲ್ಲ.

ಆರ್ಚ್‌ಬಿಷಪ್ ಮರಿಯಾನೊ ಕಸನೋವ ಮಧ್ಯಸ್ಥಿಕೆ ವಹಿಸಿದ ಮೇಲೆ ಆಗಸ್ಟ್‌ನಲ್ಲಿ ಬೆಲಿಸಾರಿಯೊ ಪ್ರಾತ್ಸ್ ನೇತೃತ್ವದ ತಟಸ್ಥ ಸಂಪುಟ ಬಂತು, ತೆರಿಗೆ ಕಾನೂನು ಪಾಸಾಯಿತು. ಎಲ್ಲರೂ ನಿಟ್ಟುಸಿರುಬಿಟ್ಟರು. ಆದರೆ ಪ್ರಾತ್ಸ್ ಅಕ್ಟೋಬರ್‌ನಲ್ಲೇ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಕ್ಲಾವ್ದಿಯೊ ವಿಕುನ್ಯ ಅಧ್ಯಕ್ಷರ ಆಪ್ತರು. ಬಾಲ್ಮಸೇದ ಅಧಿವೇಶನವನ್ನು ಮುಚ್ಚಿದರು, ಮತ್ತೆ ಕರೆಯಲಿಲ್ಲ. 1891ರ ಬಜೆಟ್ ಪಾಸಾಗದೆ ವರ್ಷ ಮುಗಿಯಿತು. ಜನವರಿ 5ರಂದು ಹಿಂದಿನ ವರ್ಷದ ಬಜೆಟ್ಟೇ ಈ ವರ್ಷಕ್ಕೂ ಜಾರಿಯಲ್ಲಿರುತ್ತದೆ ಎಂಬ ಆಜ್ಞೆ ಹೊರಟಿತು. ಅಧ್ಯಕ್ಷರ ಜೊತೆ ಮಂತ್ರಿಗಳ ಸಹಿಯೂ ಅದರ ಕೆಳಗಿತ್ತು. ಸಂಸತ್ತಿನ ಬಹುಮತದ ಸದಸ್ಯರು ಅಷ್ಟರಲ್ಲಾಗಲೇ ಅಧ್ಯಕ್ಷರು ಪದಚ್ಯುತರಾಗಿದ್ದಾರೆಂಬ ಪತ್ರಕ್ಕೆ ಗುಟ್ಟಾಗಿ ಸಹಿ ಹಾಕಿದ್ದರು. ಎರಡು ದಿನಗಳ ನಂತರ ಕ್ಯಾಪ್ಟನ್ ಹೋರ್ಹೆ ಮೊಂತ್ ನೇತೃತ್ವದ ನೌಕಾಪಡೆ ಬಂದರು ಬಿಟ್ಟಿತು.

ಯುದ್ಧದ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಸೈನ್ಯದ ಬಹುಭಾಗ ಅಧ್ಯಕ್ಷರ ಕಡೆ, ಹಡಗುಗಳು ಸಂಸತ್ತಿನ ಕಡೆ. ಹಡಗು ಇದ್ದವರು ಫೆಬ್ರವರಿಯಲ್ಲಿ ಇಕೀಕೆ ಹಿಡಿದರು, ಅದರೊಂದಿಗೆ ನೈಟ್ರೇಟ್ ಸುಂಕವೂ ಅವರ ಕೈಸೇರಿತು. ಏಪ್ರಿಲ್‌ನಲ್ಲಿ ಅಲ್ಲೇ ಹೋರ್ಹೆ ಮೊಂತ್, ವಾಲ್ದೊ ಸಿಲ್ವ, ಬಾರೋಸ್ ಲೂಕೊ ಮೂವರ ಸರ್ಕಾರ ರಚನೆಯಾಯಿತು. ಪೆದ್ರೊ ಮೊಂತ್ ಅದರ ಪ್ರತಿನಿಧಿಯಾಗಿ ವಾಷಿಂಗ್ಟನ್‌ಗೆ ಹೋದರು. ಆಗಸ್ಟ್ 21ರಂದು ಕೊಂಕೋನ್, 28ರಂದು ಪ್ಲಸಿಯ. ಎರಡು ಕಾಳಗಗಳಲ್ಲಿ ಬಾಲ್ಮಸೇದ ಅವರ ಸೈನ್ಯ ನುಚ್ಚುನೂರಾಯಿತು. ಅಷ್ಟೂ ತಿಂಗಳಲ್ಲಿ ಸತ್ತವರು ಸಾವಿರಾರು.

ಮರುದಿನ ಅಧಿಕಾರವನ್ನು ಜನರಲ್ ಬಾಕೆದಾನೊ ಅವರಿಗೆ ಒಪ್ಪಿಸಿ ಬಾಲ್ಮಸೇದ ಅರ್ಜೆಂಟೀನಾದ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದರು. ಅವರ ಅವಧಿ ಮುಗಿಯುವುದು ಸೆಪ್ಟೆಂಬರ್ 18ಕ್ಕೆ. ಅಲ್ಲಿಯವರೆಗೆ ಕಾದು, 19ರ ಬೆಳಿಗ್ಗೆ ಗುಂಡು ಹಾರಿಸಿಕೊಂಡು ಪ್ರಾಣಬಿಟ್ಟರು. ಅವರ ಮಂತ್ರಿಗಳಿಗೆ ಒದಗಿದ್ದೂ ಕಷ್ಟದ ದಿನಗಳೇ. ಯುದ್ಧದ ನಡುವೆ ಮುಂದಿನ ಅಧ್ಯಕ್ಷರಾಗಿ ಚುನಾಯಿತರಾಗಿದ್ದ ಕ್ಲಾವ್ದಿಯೊ ವಿಕುನ್ಯ ಅಧಿಕಾರ ವಹಿಸಿಕೊಳ್ಳಲೇ ಇಲ್ಲ. ಸಾಂತಿಯಾಗೊದಲ್ಲಿದ್ದ ಅವರ ಮನೆ, ಅಲ್ಹಂಬ್ರ ಅರಮನೆ, ಲೂಟಿಯಾಯಿತು, ಅವರು ದೇಶ ಬಿಟ್ಟರು. ಕೊನೆಯವರೆಗೆ ಜೊತೆಗಿದ್ದ ಮಂತ್ರಿ ಹೂಲಿಯೊ ಬನ್ಯಾದೋಸ್ ಎಸ್ಪಿನೋಸ ಅವರಿಗೆ ಬಾಲ್ಮಸೇದ ಕೊನೆಯ ದಿನಗಳಲ್ಲಿ ಪತ್ರ ಬರೆದು, ತಮ್ಮ ಆಡಳಿತದ ಇತಿಹಾಸ ಬರೆಯುವ ಹೊಣೆ ವಹಿಸಿದ್ದರು. ಬನ್ಯಾದೋಸ್ ಆ ಮಾತನ್ನು ಉಳಿಸಿಕೊಂಡರು. ಎರಡು ಸಂಪುಟಗಳ ಅವರ ಗ್ರಂಥ 1894ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ಸೋತವರ ವಾದ ನಮಗೆ ಇಂದು ಸಿಗುವುದಿದ್ದರೆ ಅದಕ್ಕೆ ಆ ನಿಷ್ಠೆಯೂ ಕಾರಣ.

ಗೆದ್ದವರು ಸಂವಿಧಾನವನ್ನು ಹೆಚ್ಚು ಬದಲಿಸಲಿಲ್ಲ, ಬದಲಿಸುವ ಅಗತ್ಯವೂ ಬೀಳಲಿಲ್ಲ. ರೂಢಿ ಯುದ್ಧಭೂಮಿಯಲ್ಲಿ ಗೆದ್ದಿತ್ತು. ಇನ್ನು ಮುಂದೆ ಮಂತ್ರಿ ಸಂಸತ್ತಿನವನು. ಪರಿಣಾಮವೇನು? ಮುಂದಿನ ಮೂರು ದಶಕಗಳಲ್ಲಿ ಚಿಲಿ ನೂರಕ್ಕೂ ಹೆಚ್ಚು ಸಂಪುಟಗಳನ್ನು ಕಂಡಿತು. ಅಧ್ಯಕ್ಷ ಹೆರ್ಮಾನ್ ರಿಯೆಸ್ಕೊ ಅವರ ಐದು ವರ್ಷಗಳಲ್ಲೇ 17 ಸಂಪುಟಗಳು. ಮಂತ್ರಿಯೊಬ್ಬ ಕಡತಗಳ ಪರಿಚಯ ಮಾಡಿಕೊಳ್ಳುವುದರೊಳಗೆ ಖಂಡನಾ ನಿರ್ಣಯ ಬಂದಿರುತ್ತಿತ್ತು. ಅಧ್ಯಕ್ಷನಿಗೆ ಸಂಸತ್ತನ್ನು ವಿಸರ್ಜಿಸುವ ಅಧಿಕಾರವಿರಲಿಲ್ಲ. ಹಾಗಾಗಿ ಸರ್ಕಾರ ಬೀಳಿಸಿದವರು ಯಾವ ಮತದಾರನಿಗೂ ಲೆಕ್ಕ ಒಪ್ಪಿಸಬೇಕಿರಲಿಲ್ಲ. ಬಾಲ್ಮಸೇದ ಅವರನ್ನು ಉರುಳಿಸಿದ ಪೆದ್ರೊ ಮೊಂತ್, ಬಾರೋಸ್ ಲೂಕೊ ಇಬ್ಬರೂ ಮುಂದೆ ಅಧ್ಯಕ್ಷರಾದರು, ಇಬ್ಬರೂ ಇದೇ ಕೆಸರಿನಲ್ಲಿ ತಡವರಿಸಿದರು. 1915ರಲ್ಲಿ ಅಧ್ಯಕ್ಷರಾದ ಹುವಾನ್ ಲೂಯಿಸ್ ಸಾನ್‌ಫುಯೆಂತೆಸ್, ಯಾರ ಹೆಸರಿಗಾಗಿ ಜಗಳ ಶುರುವಾಗಿತ್ತೋ ಆ ಎನ್ರಿಕೆ ಅವರ ತಮ್ಮ.

1924ರ ಸೆಪ್ಟೆಂಬರ್‌ನಲ್ಲಿ ಯುವ ಸೇನಾಧಿಕಾರಿಗಳು ಸೆನೆಟ್‌ನ ಗ್ಯಾಲರಿಯಲ್ಲಿ ಕುಳಿತು ಕತ್ತಿಗಳ ಸದ್ದು ಮಾಡಿದಾಗ ಆ ಯುಗ ಮುಗಿಯಿತು. ಅಧ್ಯಕ್ಷ ಅರ್ತೂರೊ ಅಲೆಸ್ಸಾಂದ್ರಿ ಅವರ ಕಾಲದ 1925ರ ಸಂವಿಧಾನ ಕೊನೆಗೂ ಉತ್ತರವನ್ನು ಕಾಗದದ ಮೇಲೆ ಬರೆಯಿತು: ಸದನ ಸರ್ಕಾರವನ್ನು ಟೀಕಿಸಬಹುದು, ಅದರಿಂದ ಮಂತ್ರಿಯ ಕುರ್ಚಿ ಅಲುಗುವುದಿಲ್ಲ. ಬಾಲ್ಮಸೇದ ಕೇಳಿದ್ದೂ ಇಷ್ಟನ್ನೇ.

ಒಂದು ದಾರಿಯನ್ನು ಮಾತ್ರ ತೆರೆದಿಡಲಾಯಿತು, ಸಂವಿಧಾನಬದ್ಧ ದೋಷಾರೋಪ. ಮಂತ್ರಿ ಕಾನೂನು ಉಲ್ಲಂಘಿಸಿದನೆಂದು ಕೆಳಮನೆ ಆರೋಪಿಸಬಹುದು, ಸೆನೆಟ್ ತೀರ್ಪು ಕೊಡುತ್ತದೆ. ಕಾನೂನಿನ ಉಲ್ಲಂಘನೆ ಎಲ್ಲಿ ಮುಗಿಯುತ್ತದೆ, ರಾಜಕೀಯ ಅವಿಶ್ವಾಸ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಬಹಳ ತೆಳುವು. 1972ರ ಜನವರಿಯಲ್ಲಿ ವಿರೋಧ ಪಕ್ಷಗಳು ಅಧ್ಯಕ್ಷ ಸಾಲ್ವದೋರ್ ಅಯೆಂದೆ ಅವರ ಒಳಾಡಳಿತ ಸಚಿವ ಹೋಸೆ ತೊಹಾ ಅವರನ್ನು ಈ ದಾರಿಯಲ್ಲೇ ಕೆಳಗಿಳಿಸಿದವು; ಅಯೆಂದೆ ಅವರು ತೊಹಾ ಅವರನ್ನು ರಕ್ಷಣಾ ಖಾತೆಗೆ ವರ್ಗಾಯಿಸಿದರು. 1973ರಿಂದ 1990ರವರೆಗಿನ ಸೇನಾ ಆಡಳಿತ ಮುಗಿದು ಪ್ರಜಾಪ್ರಭುತ್ವ ಮರಳಿದ ಮೇಲೂ ಅದೇ ಅಸ್ತ್ರ ಕೆಲಸ ಮಾಡುತ್ತಿದೆ: 2008ರಲ್ಲಿ ಶಿಕ್ಷಣ ಸಚಿವೆ ಯಾಸ್ನ ಪ್ರೊವೋಸ್ತೆ, 2013ರಲ್ಲಿ ಇನ್ನೊಬ್ಬ ಶಿಕ್ಷಣ ಸಚಿವ ಹರಾಲ್ಡ್ ಬೆಯರ್. 2019ರ ಡಿಸೆಂಬರ್‌ನಲ್ಲಿ, ದೇಶವನ್ನು ನಡುಗಿಸಿದ ಬೀದಿ ಹೋರಾಟಗಳ ನಂತರ, ಮಾಜಿ ಒಳಾಡಳಿತ ಸಚಿವ ಆಂದ್ರೆಸ್ ಚಾಡ್ವಿಕ್ ತಪ್ಪಿತಸ್ಥರೆಂದು ಸೆನೆಟ್ ತೀರ್ಮಾನಿಸಿ, ಐದು ವರ್ಷ ಯಾವ ಸಾರ್ವಜನಿಕ ಹುದ್ದೆಯನ್ನೂ ಹಿಡಿಯದಂತೆ ನಿರ್ಬಂಧಿಸಿತು.