ಜೀರ್ಜಿಂಬೆ ಸತ್ತು ವರ್ಷಗಳಾದರೂ ಅದರ ಹಸಿರು ಯಾಕೆ ಮಾಸುವುದಿಲ್ಲ?

ಓದುಗರ ಪ್ರಶ್ನೆ: ಅಜ್ಜಿಯ ಹಳೇ ಟ್ರಂಕಿನಲ್ಲಿ ಜೀರ್ಜಿಂಬೆಯ ರೆಕ್ಕೆಗಳು ಸಿಕ್ಕಿದವು. ಪಕ್ಕದಲ್ಲೇ ಇದ್ದ ಸೀರೆಯ ಬಣ್ಣ ಪೂರ್ತಿ ಹೋಗಿದೆ. ರೆಕ್ಕೆ ಮಾತ್ರ ನಿನ್ನೆ ತಾನೇ ಸಿಕ್ಕಿದ್ದೇನೋ ಅನ್ನುವಂತೆ ಹೊಳೆಯುತ್ತಿದೆ. ಇದೆಂಥ ಬಣ್ಣ? (ಕಡೂರಿನಿಂದ)

ಆ ರೆಕ್ಕೆಯಲ್ಲಿ ಹಸಿರು ಬಣ್ಣ ಅನ್ನುವ ವಸ್ತುವೇ ಇಲ್ಲ. ಮಾಸುವುದಕ್ಕೆ ಏನಾದರೂ ಇರಬೇಕಲ್ವಾ?

ಸೀರೆಗೆ ಹಾಕಿದ ಬಣ್ಣ ಒಂದು ರಾಸಾಯನಿಕ. ಬಿಸಿಲಿಗೆ ಅದರ ಅಣುಗಳು ಒಡೆಯುತ್ತವೆ, ಬಣ್ಣ ಹೋಗುತ್ತದೆ. ಜೀರ್ಜಿಂಬೆಯ ಹಸಿರು ಹುಟ್ಟುವುದು ರೆಕ್ಕೆಯ ಕಟ್ಟಡದಿಂದ. ನೀವು ರೆಕ್ಕೆ ಅನ್ನುತ್ತಿರುವುದು ಹಾರುವ ರೆಕ್ಕೆಯಲ್ಲ, ಅದನ್ನು ಮುಚ್ಚಿಕೊಂಡಿರುವ ಗಟ್ಟಿ ಚಿಪ್ಪು. ಅದರ ಮೇಲ್ಭಾಗದಲ್ಲಿ ಚಿರೋಟಿಯ ಎಳೆಗಳ ಹಾಗೆ ತೆಳು ಪದರಗಳು ಒಂದರ ಮೇಲೊಂದು ಕೂತಿವೆ. ಒಂದು ಪದರದಲ್ಲಿ ಮೆಲನಿನ್ (ನಮ್ಮ ಕೂದಲಿಗೂ ಕಪ್ಪು ಬಣ್ಣ ಕೊಡುವ ವಸ್ತು) ಜಾಸ್ತಿ, ಮುಂದಿನದರಲ್ಲಿ ಕಡಿಮೆ, ಮತ್ತೆ ಜಾಸ್ತಿ. ಒಂದೊಂದರ ದಪ್ಪ ಸುಮಾರು 100 ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪದಲ್ಲಿ ಇಂಥವು ನೂರಾರು ಹಿಡಿಸುತ್ತವೆ.

ಬೆಳಕು ಬಿದ್ದಾಗ ಪ್ರತಿ ಪದರದ ಅಂಚಿನಿಂದಲೂ ಒಂದಿಷ್ಟು ವಾಪಸ್ ಬರುತ್ತದೆ. ಬೆಳಕು ಅಲೆ. ಹಸಿರು ಬೆಳಕಿನ ಅಲೆಯ ಉದ್ದ ಸುಮಾರು 530 ನ್ಯಾನೊಮೀಟರ್. ಪದರಗಳ ದಪ್ಪ ಈ ಅಳತೆಗೆ ಹೊಂದಿಕೊಂಡಿರುವುದರಿಂದ, ಬೇರೆ ಬೇರೆ ಆಳದಿಂದ ಮರಳಿ ಬರುವ ಹಸಿರು ಅಲೆಗಳು ಏರಿಗೆ ಏರು, ಇಳಿತಕ್ಕೆ ಇಳಿತ ಸೇರಿ ಜೋರಾಗುತ್ತವೆ. ಉಳಿದ ಬಣ್ಣದ ಅಲೆಗಳಿಗೆ ಹೀಗೆ ತಾಳ ಕೂಡುವುದಿಲ್ಲ. ಒಳಗೆ ಇಳಿದ ಬೆಳಕನ್ನು ಕೆಳಗಿರುವ ಕಪ್ಪು ಮೆಲನಿನ್ ನುಂಗಿಬಿಡುತ್ತದೆ. ಅದಕ್ಕೇ ಆ ಹಸಿರು ಅಷ್ಟು ಸ್ವಚ್ಛ. ಮಳೆ ನಿಂತ ಮೇಲೆ ರಸ್ತೆಯ ನೀರಿನ ಮೇಲೆ ಡೀಸೆಲ್ ಹರಡಿ ಬಣ್ಣಬಣ್ಣ ಕಾಣುತ್ತದಲ್ಲ, ಅಲ್ಲಿ ನಡೆಯುವುದೂ ಇದೇ. ಆದರೆ ಅಲ್ಲಿ ಪದರ ಒಂದೇ.

ನಿಮ್ಮ ರೆಕ್ಕೆಯನ್ನೇ ಬಿಸಿಲಿಗೆ ಹಿಡಿದು ನಿಧಾನಕ್ಕೆ ಓರೆ ಮಾಡಿ ನೋಡಿ. ಹಸಿರು ನೀಲಿಯ ಕಡೆ ಜಾರುತ್ತದೆ. ಸಾಮಾನ್ಯ ಬಣ್ಣ ಬಳಿದ ವಸ್ತು ಹೀಗೆ ಮಾಡುವುದಿಲ್ಲ. ಅದೇ ರೆಕ್ಕೆಯನ್ನು ನುಣ್ಣಗೆ ಅರೆದರೆ ಪದರಗಳ ಜೋಡಣೆ ಹಾಳಾಗಿ ಹಸಿರು ಹೋಗುತ್ತದೆ, ಮಂಕು ಪುಡಿ ಉಳಿಯುತ್ತದೆ. ಇದನ್ನು ಮಾತ್ರ ನಿಮ್ಮ ಅಜ್ಜಿಯ ರೆಕ್ಕೆಯ ಮೇಲೆ ಮಾಡಬೇಡಿ!

ಇಂಥ ಬಣ್ಣದ ಬಾಳಿಕೆಗೆ ಟ್ರಂಕಿನ ಕಾಲ ಏನೇನೂ ಅಲ್ಲ. ಜಪಾನಿನ ಹೋರ್ಯುಜಿ ದೇವಾಲಯದಲ್ಲಿ 7ನೇ ಶತಮಾನದ ಒಂದು ಪುಟ್ಟ ಗುಡಿಯಿದೆ. ಅದನ್ನು ಇದೇ ಕುಟುಂಬದ ಹುಳಗಳ ರೆಕ್ಕೆಯಿಂದ ಸಿಂಗರಿಸಿದ್ದರು. ಅಲ್ಲಿ ಉಳಿದಿರುವ ಚೂರುಗಳು ಇವತ್ತಿಗೂ ಮಿನುಗುತ್ತವೆ. ಜರ್ಮನಿಯ ಮೆಸ್ಸೆಲ್‌ನಲ್ಲಿ ಸಿಕ್ಕ ಸುಮಾರು 4.7 ಕೋಟಿ ವರ್ಷ ಹಳೆಯ ಹುಳದ ಪಳೆಯುಳಿಕೆಗಳಲ್ಲೂ ಲೋಹದ ಹೊಳಪಿದೆ.

ಹಾಗಾದರೆ ಎಲ್ಲ ಹುಳಗಳ ಹೊಳಪೂ ಶಾಶ್ವತವೇ? ಅಲ್ಲ. ಗೆಣಸಿನ ಬಳ್ಳಿಯ ಎಲೆ ಮಗುಚಿದರೆ ಆಮೆಯ ಆಕಾರದ, ಚಿನ್ನದ ಹನಿಯಂಥ ಸಣ್ಣ ಹುಳ ಸಿಗುತ್ತದೆ. ಅದನ್ನು ಡಬ್ಬಿಯಲ್ಲಿ ಇಟ್ಟ ಮಕ್ಕಳಿಗೆಲ್ಲ ಆಗುವ ದುಃಖ ಒಂದೇ: ಹುಳ ಸತ್ತು ಒಣಗಿದರೆ ಚಿನ್ನವೂ ಹೋಗುತ್ತದೆ. ಅದರ ಪದರಗಳಿಗೆ ತೇವ ಬೇಕು. ತೇವ ಆರಿದರೆ ಪದರಗಳ ಲೆಕ್ಕ ತಪ್ಪುತ್ತದೆ. ಪನಾಮಾದ ಅಂಥದ್ದೇ ಒಂದು ಹುಳ ಬದುಕಿರುವಾಗಲೇ, ಗಾಬರಿಯಾದಾಗ ಪದರಗಳ ದ್ರವವನ್ನು ಹಿಂದಕ್ಕೆ ಎಳೆದುಕೊಂಡು ಚಿನ್ನದಿಂದ ಕೆಂಪಾಗುತ್ತದೆ. ನನಗೆ ಈ ಹುಳವೇ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಬಣ್ಣ ಕಟ್ಟಡದಲ್ಲಿದೆ ಅನ್ನುವುದಾದರೆ, ಕಟ್ಟಡ ಬದಲಾದಾಗ ಬಣ್ಣವೂ ಬದಲಾಗಲೇಬೇಕು.

ಇಷ್ಟೆಲ್ಲ ಹೊಳಪು ಹುಳಕ್ಕೆ ಯಾಕೆ ಬೇಕು? ಇಷ್ಟು ಮಿನುಗಿದರೆ ಹಕ್ಕಿಯ ಕಣ್ಣಿಗೆ ಬೇಗ ಬೀಳಬೇಕಲ್ವಾ ಅನ್ನಿಸುವುದು ಸಹಜ. ಬ್ರಿಸ್ಟಲ್ ವಿಶ್ವವಿದ್ಯಾಲಯದವರು ನಮ್ಮ ಜೀರ್ಜಿಂಬೆಯ ಹತ್ತಿರದ ನೆಂಟನಾದ ಒಂದು ಏಷ್ಯಾದ ಹುಳದ ರೆಕ್ಕೆಗಳನ್ನು ತಂದು ಇದನ್ನೇ ಪರೀಕ್ಷಿಸಿದರು. ರೆಕ್ಕೆಯ ಕೆಳಗೆ ಹಕ್ಕಿಗೆ ಇಷ್ಟವಾದ ಹುಳು ಇಟ್ಟು, ಕಾಡಿನ ಎಲೆಗಳಿಗೆ ಅಂಟಿಸಿದರು. ಪಕ್ಕದಲ್ಲಿ ಒಂದೇ ಬಣ್ಣ ಬಳಿದ ನಕಲಿ ರೆಕ್ಕೆಗಳನ್ನೂ ಇಟ್ಟರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಿನುಗುವ ರೆಕ್ಕೆಯ ಹುಳುಗಳು ಹೆಚ್ಚಿನ ನಕಲಿಗಳಿಗಿಂತ ಹಕ್ಕಿಗಳಿಂದ ಚೆನ್ನಾಗಿ ಪಾರಾದವು. ಮನುಷ್ಯರನ್ನು ಹುಡುಕಲು ಬಿಟ್ಟಾಗಲೂ ಅವರ ಕಣ್ಣಿಗೆ ಆ ರೆಕ್ಕೆಗಳೇ ಕಡಿಮೆ ಬಿದ್ದವು. ಕೋನ ಬದಲಾದಂತೆ ಬಣ್ಣ ಬದಲಾಗುವ ವಸ್ತುವಿನ ಆಕಾರವನ್ನು ಕಣ್ಣು ಸುಲಭಕ್ಕೆ ಹಿಡಿಯಲಾರದು. ಒದ್ದೆ ಎಲೆಗಳು ಬಿಸಿಲಿಗೆ ಮಿನುಗುವ ಜಾಗದಲ್ಲಂತೂ ಇನ್ನೂ ಕಷ್ಟ.

ಕಡೂರು, ಅರಸೀಕೆರೆ ಕಡೆಯ ಜಾಲಿ ಮರಗಳಲ್ಲಿ ಮಳೆ ಶುರುವಾದ ಮೇಲೆ ಜೀರ್ಜಿಂಬೆ ಹುಡುಕಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಮಣ್ಣಿನೊಳಗೆ ಬೇರು ತಿಂದು ಬೆಳೆದ ಹುಳ ರೆಕ್ಕೆ ಬಂದ ಮೇಲೆ ಬದುಕುವುದು ಕೆಲವೇ ವಾರ. ದಾರ ಕಟ್ಟಿ, ಬೆಂಕಿಪೊಟ್ಟಣಕ್ಕೆ ತುಂಬುವುದು ಬೇಡ. ಸತ್ತ ಹುಳದ ರೆಕ್ಕೆ ನೆಲದಲ್ಲಿ ಸಿಕ್ಕರೆ ಇಟ್ಟುಕೊಳ್ಳಿ, ಹೊಳಪು ಅದರಲ್ಲೂ ಅಷ್ಟೇ ಇರುತ್ತದೆ.