ಗಡಿಯಾರವನ್ನು ಎಲ್ಲಿಡಬೇಕು? ಗೇಮ್‌ಗಳ ವೇಗ ಅಳೆದವರ ಮೂರು ದಶಕ

ಪರದೆಯ ಮೂಲೆಯಲ್ಲಿ ಹಳದಿ ಬಣ್ಣದ ಒಂದು ಸಂಖ್ಯೆ: 59, 60, 61, 60. ಅದು ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಬಿಡಿ ಚಿತ್ರಗಳು, ಮೂಡುತ್ತಿವೆ ಎಂಬ ಲೆಕ್ಕ. 1999ರಲ್ಲಿ ಫ್ರಾಪ್ಸ್ ಎಂಬ ಪುಟ್ಟ ತಂತ್ರಾಂಶ ಬಂದ ಮೇಲೆ ಪಿಸಿಯಲ್ಲಿ ಆಡುವವರಿಗೆ ಆ ಸಂಖ್ಯೆಯ ಚಟ ಹಿಡಿಯಿತು. ನನಗೂ ಹಿಡಿದಿತ್ತು, ಶತ್ರುವಿಗಿಂತ ಹೆಚ್ಚಾಗಿ ಮೂಲೆಯನ್ನೇ ನೋಡುತ್ತಾ ಎಷ್ಟೋ ಸಲ ಸತ್ತಿದ್ದೇನೆ. ಆದರೆ ಸಂಖ್ಯೆ 60 ಎನ್ನುತ್ತಿರುವಾಗಲೇ ಆಟ ಎಡವುತ್ತಿರುತ್ತದೆ. ಆಗ ನಂಬಬೇಕಾದದ್ದು ಕಣ್ಣನ್ನೋ, ಸಂಖ್ಯೆಯನ್ನೋ? ಗ್ರಾಫಿಕ್ಸ್ ಅಳೆಯುವ ಸಲಕರಣೆಗಳ ಇತಿಹಾಸವೆಲ್ಲ ಈ ಜಗಳದ್ದೇ.

ಮೊದಲ ಅಳತೆ ಆಟದ ಒಳಗೇ ಇತ್ತು. 1993ರ ‘ಡೂಮ್’ನಲ್ಲಿ ‘ಟೈಮ್‌ಡೆಮೊ’ ಎಂಬ ಆದೇಶ ಕೊಟ್ಟರೆ, ಮೊದಲೇ ದಾಖಲಿಸಿಟ್ಟ ಆಟವನ್ನು ಯಂತ್ರ ತನ್ನ ಕೈಲಾದಷ್ಟು ವೇಗದಲ್ಲಿ ಓಡಿಸಿ, ಕೊನೆಗೆ ಎರಡು ಸಂಖ್ಯೆ ಕೊಡುತ್ತಿತ್ತು: ಆಟದ ಟಿಕ್ ಎಷ್ಟು, ನಿಜವಾದ ಗಡಿಯಾರದ ಟಿಕ್ ಎಷ್ಟು. ಸೆಕೆಂಡಿಗೆ 35 ಟಿಕ್. ಗುಣಾಕಾರ, ಭಾಗಾಕಾರ ನೀವೇ ಮಾಡಿಕೊಳ್ಳಬೇಕು. 1996ರ ‘ಕ್ವೇಕ್’ ಆ ಲೆಕ್ಕವನ್ನೂ ತಾನೇ ಮಾಡಿ, ಸೆಕೆಂಡಿಗೆ ಇಷ್ಟು ಫ್ರೇಮ್ ಎಂದು ನೇರವಾಗಿ ಹೇಳಿತು. ಆಟದ ಚಿತ್ರಗಳನ್ನು ಬಿಡಿಸಲೆಂದೇ ಇರುವ 3ಡಿ ಕಾರ್ಡ್‌ಗಳು ಆಗಷ್ಟೇ ಅಂಗಡಿಗೆ ಬರುತ್ತಿದ್ದ ಕಾಲ. ಯಾವ ಕಾರ್ಡ್ ಕೊಳ್ಳಬೇಕು ಎಂಬ ಪ್ರಶ್ನೆಗೆ ಆ ಒಂದು ಸಾಲೇ ಉತ್ತರವಾಯಿತು. 1998ರಲ್ಲಿ ಫಿನ್ಲೆಂಡಿನ ಫ್ಯೂಚರ್‌ಮಾರ್ಕ್ ಕಂಪನಿ, ಆಡಲಿಕ್ಕಲ್ಲದೆ ಅಳೆಯಲಿಕ್ಕೆಂದೇ ‘3ಡಿಮಾರ್ಕ್’ನ ಮೊದಲ ಆವೃತ್ತಿಯನ್ನು ತಂದಿತು.

ಅಂಕವನ್ನು ನೋಡಿ ಜನ ಹಣ ಬಿಚ್ಚುತ್ತಾರೆ ಎಂದಾದ ಮೇಲೆ ಅಂಕಕ್ಕಾಗಿಯೇ ಓದುವ ವಿದ್ಯಾರ್ಥಿಗಳು ಹುಟ್ಟದೆ ಇರುತ್ತಾರೆಯೆ? 2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡ್ ಬಂದಾಗ ಯಾರೋ ಒಂದು ತಮಾಷೆಯ ಪರೀಕ್ಷೆ ಮಾಡಿದರು. ‘ಕ್ವೇಕ್ 3’ ಆಟದ ಕಡತದ ಹೆಸರಿನಲ್ಲಿದ್ದ ‘ಕ್ವೇಕ್’ ಅಳಿಸಿ ‘ಕ್ವ್ಯಾಕ್’ ಎಂದಿಟ್ಟರು. ಆಟ ಅದೇ, ಕಾರ್ಡ್ ಅದೇ. ಆದರೆ ವೇಗ ಇಳಿಯಿತು, ಚಿತ್ರ ಮಾತ್ರ ಹೆಚ್ಚು ಸ್ಪಷ್ಟವಾಯಿತು! ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್, ಆಟದ ಹೆಸರು ನೋಡಿ ಚಿತ್ರದ ಗುಣಮಟ್ಟವನ್ನು ಸದ್ದಿಲ್ಲದೆ ತಗ್ಗಿಸುತ್ತಿತ್ತು.

ಎರಡು ವರ್ಷಗಳ ನಂತರ, ಎಟಿಐನ ಪ್ರತಿಸ್ಪರ್ಧಿ ಎನ್‌ವಿಡಿಯಾದ ಸರದಿ. ‘3ಡಿಮಾರ್ಕ್ 03’ರಲ್ಲಿ ಕ್ಯಾಮೆರಾ ಹಳಿಯ ಮೇಲಿನ ರೈಲಿನಂತೆ ಗೊತ್ತಾದ ದಾರಿಯಲ್ಲೇ ಸಾಗುತ್ತದೆ. ಅದು ಎಲ್ಲಿ ನೋಡುತ್ತದೆ ಎಂಬುದು ಮೊದಲೇ ತಿಳಿದಿದ್ದರೆ, ನೋಡದ ಭಾಗವನ್ನು ಬಿಡಿಸುವ ಶ್ರಮವೇಕೆ? ಕ್ಯಾಮೆರಾವನ್ನು ಹಳಿ ತಪ್ಪಿಸಬಲ್ಲ ಪರೀಕ್ಷಾ ಆವೃತ್ತಿಯೊಂದು ಪತ್ರಕರ್ತರ ಕೈಯಲ್ಲಿತ್ತು. ತಪ್ಪಿಸಿ ನೋಡಿದರೆ ದೃಶ್ಯದ ತುಂಡುಗಳೇ ಮಾಯ. 2003ರ ಮೇ ತಿಂಗಳಲ್ಲಿ ಫ್ಯೂಚರ್‌ಮಾರ್ಕ್ ತನ್ನ ತನಿಖಾ ವರದಿಯ ಜೊತೆ ತಿದ್ದಿದ ಆವೃತ್ತಿಯನ್ನೂ ಬಿಟ್ಟಿತು. ಎನ್‌ವಿಡಿಯಾದ ಜೀಫೋರ್ಸ್ ಎಫ್‌ಎಕ್ಸ್ 5900 ಅಲ್ಟ್ರಾ ಕಾರ್ಡ್‌ನ ಅಂಕ ಅದರಲ್ಲಿ ಸುಮಾರು ಶೇ 24ರಷ್ಟು ಕುಸಿಯಿತು. ಎಟಿಐನದೂ ಶೇ 2ರಷ್ಟು ಇಳಿದದ್ದರಿಂದ ಅವರೂ ಹೆಚ್ಚು ನಗುವಂತಿರಲಿಲ್ಲ. ಇದರ ಮುಕ್ತಾಯ ಇನ್ನೂ ಸೊಗಸಾಗಿದೆ: ಕೆಲವೇ ದಿನಗಳಲ್ಲಿ ಫ್ಯೂಚರ್‌ಮಾರ್ಕ್ ಮತ್ತು ಎನ್‌ವಿಡಿಯಾ ಜಂಟಿ ಹೇಳಿಕೆ ಕೊಟ್ಟು, ಇದು ಮೋಸವಲ್ಲ, ಒಂದು ನಿರ್ದಿಷ್ಟ ತಂತ್ರಾಂಶಕ್ಕಾಗಿ ಮಾಡಿಕೊಂಡ ಸುಧಾರಣೆ ಎಂದು ಷರಾ ಬರೆದವು.

ಮೊಬೈಲ್ ಕಾಲಕ್ಕೂ ಈ ಚಾಳಿ ಬಿಡಲಿಲ್ಲ. 2013ರ ಗ್ಯಾಲಕ್ಸಿ ಎಸ್4 ಫೋನಿನ ಒಂದು ಮಾದರಿಯಲ್ಲಿ, ಅಳೆಯುವ ಆ್ಯಪ್‌ಗಳು ತೆರೆದಾಗ ಮಾತ್ರ ಗ್ರಾಫಿಕ್ಸ್ ಚಿಪ್ ಮಾಮೂಲಿಗಿಂತ ಹೆಚ್ಚಿನ ವೇಗಕ್ಕೆ ಏರುತ್ತಿದ್ದುದು ಪತ್ತೆಯಾಯಿತು.

ಇವೆಲ್ಲ ಕಳ್ಳಾಟದ ಕಥೆಗಳು. ಪ್ರಾಮಾಣಿಕವಾಗಿ ತೆಗೆದ ಸರಾಸರಿಯೂ ದಾರಿ ತಪ್ಪಿಸುತ್ತದೆ ಎಂಬುದನ್ನು ಗಟ್ಟಿಯಾಗಿ ಹೇಳಿದ್ದು ‘ಟೆಕ್ ರಿಪೋರ್ಟ್’ ಜಾಲತಾಣದ ಸ್ಕಾಟ್ ವಾಸನ್, 2011ರಲ್ಲಿ. ಬಸ್ಸಿಗೆ ಕಾದು ಅಭ್ಯಾಸವಿರುವ ನಮಗೆ ಅವರ ವಾದ ಹೊಸತೇನಲ್ಲ. ಗಂಟೆಗೆ ಆರು ಬಸ್ ಎಂದರೆ ಹತ್ತು ನಿಮಿಷಕ್ಕೊಂದು ಎಂದು ಲೆಕ್ಕ. ಐವತ್ತು ನಿಮಿಷ ಕಾಯಿಸಿ ಆರೂ ಒಂದರ ಹಿಂದೊಂದು ಬಂದರೂ ಲೆಕ್ಕ ಅದೇ. ಸೆಕೆಂಡಿಗೆ 60 ಫ್ರೇಮ್ ಸಮನಾಗಿ ಬಂದರೆ ಒಂದೊಂದಕ್ಕೂ 16.7 ಮಿಲಿಸೆಕೆಂಡ್. ಆದರೆ 59 ಫ್ರೇಮ್ 12.7 ಮಿಲಿಸೆಕೆಂಡಿಗೊಂದರಂತೆ ಬಂದು, ಕೊನೆಯದೊಂದೇ ಕಾಲು ಸೆಕೆಂಡ್ ನಿಂತರೂ ಫ್ರಾಪ್ಸ್ ತೋರಿಸುವುದು 60ನ್ನೇ. ಆ ಕಾಲು ಸೆಕೆಂಡಿನಲ್ಲಿ ನೀವು ಸತ್ತಿರುತ್ತೀರಿ. ಹಾಗಾಗಿ ಸೆಕೆಂಡಿನ ಒಳಹೊಕ್ಕು ಪ್ರತಿ ಫ್ರೇಮಿನ ಸಮಯವನ್ನೂ ಬರೆದಿಡಿ, ನೂರರಲ್ಲಿ ತೊಂಬತ್ತೊಂಬತ್ತು ಫ್ರೇಮ್‌ಗಳು ಎಷ್ಟು ಹೊತ್ತಿನೊಳಗೆ ಮುಗಿದವು ಎಂದು ನೋಡಿ ಎಂದರು ವಾಸನ್. ಇಂದು ಕಾರ್ಡ್ ವಿಮರ್ಶೆಗಳಲ್ಲಿ ಕಾಣುವ ‘ಶೇ 1ರ ಕನಿಷ್ಠ’ ಎಂಬ ಸಾಲಿನ ಬೇರು ಇಲ್ಲಿದೆ.

ಆಗಲೂ ಒಂದು ತಕರಾರು ಉಳಿಯಿತು. ಫ್ರಾಪ್ಸ್‌ನ ಗಡಿಯಾರ ಇದ್ದದ್ದು ಆಟ ತನ್ನ ಫ್ರೇಮನ್ನು ವಿಂಡೋಸ್‌ನ ಗ್ರಾಫಿಕ್ಸ್ ಪದರವಾದ ಡೈರೆಕ್ಟ್‌ಎಕ್ಸ್ ಕೈಗೆ ಒಪ್ಪಿಸುವ ಜಾಗದಲ್ಲಿ. ಅಲ್ಲಿಂದ ಡ್ರೈವರಿನ ಸರದಿ ಸಾಲು, ಕಾರ್ಡ್, ತಂತಿ ದಾಟಿ ಪರದೆ ಮುಟ್ಟುವವರೆಗಿನ ಪಯಣ ಅದಕ್ಕೆ ಕಾಣದು. 2013ರಲ್ಲಿ ಎನ್‌ವಿಡಿಯಾ ವಿಮರ್ಶಕರಿಗೆ ಕೊಟ್ಟ ಎಫ್‌ಕ್ಯಾಟ್ ಎಂಬ ಏರ್ಪಾಡು ಗಡಿಯಾರವನ್ನು ತಂತಿಯ ತುದಿಗೇ ಒಯ್ದಿತು. ಉಪಾಯ ಸರಳ. ಪ್ರತಿ ಫ್ರೇಮಿನ ಎಡ ಅಂಚಿಗೂ ಒಂದು ಬಣ್ಣದ ಪಟ್ಟಿ. ಬಣ್ಣಗಳಿಗೆ ನಿಗದಿತ ಸರದಿ. ಪರದೆಗೆ ಹೋಗುವ ಸಂಕೇತವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಹಿಡಿದಿಟ್ಟು, ಯಾವ ಬಣ್ಣ ಎಷ್ಟು ಗೆರೆಗಳಷ್ಟು ಉದ್ದ ಕಂಡಿತು ಎಂದು ಎಣಿಸುವುದು. ಎಟಿಐಯನ್ನು ಕೊಂಡಿದ್ದ ಎಎಂಡಿಯ ಎರಡು ಕಾರ್ಡ್‌ಗಳನ್ನು ಜೋಡಿಸಿದ ಯಂತ್ರಗಳಲ್ಲಿ ಕಂಡದ್ದು ಪೇಚಿನ ಸಂಗತಿ: ಕೆಲವು ಫ್ರೇಮ್‌ಗಳು ಪರದೆಯ ಮೇಲೆ ನಾಲ್ಕಾರು ಗೆರೆಗಳಷ್ಟೇ ಇದ್ದವು, ಕೆಲವು ಬಂದೇ ಇರಲಿಲ್ಲ. ಫ್ರಾಪ್ಸ್ ಅವನ್ನೂ ಒಂದೊಂದು ಇಡೀ ಫ್ರೇಮೆಂದೇ ಎಣಿಸಿತ್ತು. ಪ್ರತಿಸ್ಪರ್ಧಿ ಕೊಟ್ಟ ತಕ್ಕಡಿಯಲ್ಲಿ ತೂಗುವುದು ಸರಿಯೇ ಎಂಬ ಪ್ರಶ್ನೆ ಸಹಜ. ಆದರೆ ಅಳತೆಯಲ್ಲಿ ಕಂಡ ದೋಷ ನಿಜವಾದದ್ದೇ. ಅದೇ ಆಗಸ್ಟ್‌ನಲ್ಲಿ ಎಎಂಡಿ ಫ್ರೇಮ್‌ಗಳ ನಡುವಿನ ಅಂತರ ಸರಿಪಡಿಸುವ ಡ್ರೈವರ್ ತಂದಿತು.

ಇಷ್ಟು ಹೊತ್ತು ಹೇಳಿದ್ದು ಕೊಳ್ಳುವವರ, ವಿಮರ್ಶಕರ ಸಲಕರಣೆಗಳ ವಿಷಯ. ಆಟ ಕಟ್ಟುವವರಿಗೆ ‘ನಿಧಾನ’ ಎಂದು ತಿಳಿದರೆ ಸಾಲದು, ‘ಯಾವುದರಿಂದ’ ಎಂದೂ ತಿಳಿಯಬೇಕು. ಅದನ್ನು ಹುಡುಕಿಕೊಡುವ ಸಲಕರಣೆಗಳಲ್ಲಿ ಮೈಕ್ರೋಸಾಫ್ಟ್‌ನ ಪಿಕ್ಸ್ ಹುಟ್ಟಿದ್ದು ಮೊದಲ ಎಕ್ಸ್‌ಬಾಕ್ಸ್‌ಗಾಗಿ. ಆಟ ತಯಾರಿಸುವ ಕ್ರೈಟೆಕ್ ಕಂಪನಿಯಲ್ಲಿದ್ದ ಬಾಲ್ಡರ್ ಕಾರ್ಲ್‌ಸನ್ ಬರೆದ ರೆಂಡರ್‌ಡಾಕ್ 2014ರಲ್ಲಿ ಮುಕ್ತ ತಂತ್ರಾಂಶವಾಯಿತು. ಅದು ಒಂದೇ ಒಂದು ಫ್ರೇಮನ್ನು ಹಿಡಿದು ಬಿಚ್ಚಿ ಹರಡುತ್ತದೆ: ಮೊದಲು ನೆಲ, ಆಮೇಲೆ ಗೋಡೆ, ನೆರಳು, ಹೊಗೆ, ಕೊನೆಗೆ ಅಕ್ಷರಗಳು. ಆಟಗಾರನಿಗೆ ಕಾಣದ ಗೋಡೆಯ ಹಿಂದೆ ಸಾವಿರಾರು ತ್ರಿಕೋನಗಳ ಶಿಲ್ಪವೊಂದು ಸುಮ್ಮನೆ ಮೂಡುತ್ತಿರುವುದು ಹೀಗೆಯೇ ಸಿಕ್ಕಿಬೀಳುವುದು.

ಫ್ರಾಪ್ಸ್‌ನ ಹೊಸ ಆವೃತ್ತಿಗಳು 2013ಕ್ಕೇ ನಿಂತವು. 2015ರಲ್ಲಿ ಡೈರೆಕ್ಟ್‌ಎಕ್ಸ್ 12 ಬಂದು ಒಳದಾರಿಗಳೇ ಬದಲಾದವು. ಆ ಖಾಲಿ ಜಾಗಕ್ಕೆ ಬಂದದ್ದು ಇಂಟೆಲ್‌ನ ಮುಕ್ತ ತಂತ್ರಾಂಶ ಪ್ರೆಸೆಂಟ್‌ಮಾನ್. ಅದು ಆಟದೊಳಗೆ ಕೈ ಹಾಕುವುದಿಲ್ಲ. ವಿಂಡೋಸ್ ತಾನೇ ಬರೆದುಕೊಳ್ಳುವ ದಿನಚರಿಯನ್ನು ಓದುತ್ತದೆ. ಎಎಂಡಿಯ ಒಕ್ಯಾಟ್, ಎನ್‌ವಿಡಿಯಾದ ಫ್ರೇಮ್‌ವ್ಯೂ, ಕ್ಯಾಪ್‌ಫ್ರೇಮ್‌ಎಕ್ಸ್ ಎಲ್ಲವೂ ಇದೇ ತಳಪಾಯದ ಮೇಲೆ ಎದ್ದವು. ಬದ್ಧ ವೈರಿಗಳೆಲ್ಲ ಒಂದೇ ಬಾವಿಯ ನೀರು ಸೇದುವ ಈ ನೋಟ ಈ ಉದ್ಯಮದಲ್ಲಿ ಅಪರೂಪ. 2023ರಲ್ಲಿ ಇಂಟೆಲ್ ಇದಕ್ಕೆ ‘ಜಿಪಿಯು ಬ್ಯುಸಿ’ ಎಂಬ ಅಳತೆ ಸೇರಿಸಿತು. ಫ್ರೇಮಿಗೆ 20 ಮಿಲಿಸೆಕೆಂಡ್ ಹಿಡಿದು, ಅದರಲ್ಲಿ ಗ್ರಾಫಿಕ್ಸ್ ಚಿಪ್ ದುಡಿದದ್ದು 11 ಮಾತ್ರ ಎಂದಾದರೆ ಹೊಸ ಕಾರ್ಡ್ ಕೊಂಡು ಪ್ರಯೋಜನವಿಲ್ಲ. ಕೆಲಸ ತಡವಾಗುತ್ತಿರುವುದು ಪ್ರೊಸೆಸರ್ ಕಡೆ.

ಈಗಿನ ಗೊಂದಲ ಬೇರೆಯೇ ಬಗೆಯದು. 2022ರಲ್ಲಿ ಎನ್‌ವಿಡಿಯಾ ತಂದ ಡಿಎಲ್‌ಎಸ್‌ಎಸ್ 3, ಎರಡು ನಿಜವಾದ ಫ್ರೇಮ್‌ಗಳ ನಡುವೆ ಒಂದನ್ನು ಊಹಿಸಿ ತೂರಿಸುತ್ತದೆ. 2025ರ ಆವೃತ್ತಿ ಮೂರರವರೆಗೂ ತೂರಿಸಬಲ್ಲದು. ಮೂಲೆಯ ಸಂಖ್ಯೆ 200 ದಾಟಿದರೂ ಮೌಸ್ ಚಲನೆಗೆ ಆಟ ಓಗೊಡುವುದು ನಿಜವಾದ ಫ್ರೇಮ್‌ಗಳ ಲೆಕ್ಕದಲ್ಲೇ. ಹಾಗಾಗಿ ಪ್ರೆಸೆಂಟ್‌ಮಾನ್ ಈಗ ಮೌಸ್ ಒತ್ತಿದ ಕ್ಷಣದಿಂದ ಪರದೆ ಬದಲಾಗುವವರೆಗಿನ ತಡವನ್ನೂ ಅಂದಾಜಿಸುತ್ತದೆ. ಜೊತೆಗೆ ‘ಅನಿಮೇಷನ್ ದೋಷ’ ಎಂಬುದೊಂದನ್ನೂ ಲೆಕ್ಕ ಹಾಕುತ್ತದೆ. ಒಂದು ಫ್ರೇಮಿನಿಂದ ಮುಂದಿನದಕ್ಕೆ ಆಟದೊಳಗಿನ ಕಾಲ 10 ಮಿಲಿಸೆಕೆಂಡ್ ಸರಿದು, ಪರದೆಯ ಮೇಲೆ 17 ಸರಿದಿದ್ದರೆ ಓಡುವವನ ಹೆಜ್ಜೆ ಮುಗ್ಗರಿಸುತ್ತದೆ. ಪರದೆಗೆ ಫ್ರೇಮ್‌ಗಳು ಎಷ್ಟೇ ಸಮನಾಗಿ ಬಂದಿದ್ದರೂ ಕಣ್ಣಿಗೆ ಅದು ಗೊತ್ತಾಗುತ್ತದೆ. ಇದನ್ನು ಹಿಡಿಯಲು ಪರದೆಯ ತುದಿಯಲ್ಲೊಂದು, ಡೂಮ್‌ನಲ್ಲಿದ್ದಂತೆ ಆಟದೊಳಗೊಂದು, ಹೀಗೆ ಎರಡು ಗಡಿಯಾರಗಳು ಬೇಕು.