ಪದ ಪರಿಚಯ: ಪಿಕ್ಸೆಲ್ ಕ್ಲಾಕ್

ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹಳೆ ಗೇಮಿಂಗ್ ಲ್ಯಾಪ್‌ಟಾಪ್ ಹೊತ್ತು ಬರುವವರು ಕೇಳುವುದು, "ಇದರಲ್ಲಿ ಫೋರ್‌ಕೆ ಮಾನಿಟರ್ ಓಡುತ್ತಾ?" ಎಂದು. "ಓಡುತ್ತೆ ಸಾರ್, ಎಚ್‌ಡಿಎಂಐ ಇದೆಯಲ್ಲ" ಎನ್ನುವ ಉತ್ತರವನ್ನು ನಂಬಿ ದುಡ್ಡು ಕೊಡಬೇಡಿ. ಕೇಳಬೇಕಾದ್ದು ಪಿಕ್ಸೆಲ್ ಕ್ಲಾಕ್ ಎಷ್ಟು ಎಂದು.

ಲ್ಯಾಪ್‌ಟಾಪಿನಿಂದ ಮಾನಿಟರಿಗೆ ಪಿಕ್ಸೆಲ್‌ಗಳು, ಅಂದರೆ ಪರದೆಯ ಚಿತ್ರ ಕಟ್ಟುವ ಚುಕ್ಕಿಗಳು, ಹೋಗುವ ವೇಗವೇ ಪಿಕ್ಸೆಲ್ ಕ್ಲಾಕ್. ಅಳತೆ ಮೆಗಾಹರ್ಟ್ಸ್‌ನಲ್ಲಿ, ಒಂದು ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಪಿಕ್ಸೆಲ್. ಕಣ್ಣಿಗೆ ಕಾಣುವ ಪಿಕ್ಸೆಲ್‌ಗಳನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ಹಳೆಯ ಪಿಕ್ಚರ್ ಟ್ಯೂಬ್‌ಗಳಲ್ಲಿ ಎಲೆಕ್ಟ್ರಾನ್ ಕಿರಣ ಒಂದು ಸಾಲು ಮುಗಿಸಿ ಮುಂದಿನ ಸಾಲಿನ ಆರಂಭಕ್ಕೆ ವಾಪಸ್ ಬರಲು ಸಮಯ ಬೇಕಿತ್ತು. ಅದಕ್ಕೆಂದು ಸಿಗ್ನಲ್‌ನಲ್ಲಿ ಬಿಡುತ್ತಿದ್ದ ಖಾಲಿ ಜಾಗ ಇಂದಿನ ಸಿಗ್ನಲ್‌ನಲ್ಲೂ ಉಳಿದಿದೆ. ಹಾಗಾಗಿ 1920×1080 ಚಿತ್ರ ತಂತಿಯೊಳಗೆ 2200×1125 ಆಗಿ ಸಾಗುತ್ತದೆ; 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಕಳಿಸಿದರೆ, ಅದು 148.5 ಮೆಗಾಹರ್ಟ್ಸ್. ಉದ್ದ, ಅಗಲ ಎರಡೂ ದುಪ್ಪಟ್ಟಿರುವ ಫೋರ್‌ಕೆ (3840×2160) ಚಿತ್ರಕ್ಕೆ ಇದರ ನಾಲ್ಕು ಪಟ್ಟು, ಅಂದರೆ 594 ಬೇಕು.

2009ರ ಎಚ್‌ಡಿಎಂಐ 1.4 ಆವೃತ್ತಿಯ ಗರಿಷ್ಠ ಮಿತಿ 340 ಮೆಗಾಹರ್ಟ್ಸ್. ಹಾಗಾಗಿ ಅದರಲ್ಲಿ ಫೋರ್‌ಕೆ ಬಂದರೂ 30 ಹರ್ಟ್ಸ್‌ನಲ್ಲಿ ಬರುತ್ತದೆ, ಮೌಸ್ ಎಳೆದರೆ ಬಾಣ ತಡವರಿಸುತ್ತದೆ. ಕೆಲವು ಹಳೆ ಎನ್‌ವಿಡಿಯಾ ಚಿಪ್‌ಗಳು ಬಣ್ಣದ ಮಾಹಿತಿಯನ್ನು ಕಡಿತಗೊಳಿಸಿ ಇದೇ ಮಿತಿಯೊಳಗೆ 60 ಹರ್ಟ್ಸ್ ಕೊಡುತ್ತವೆ. ಸಿನಿಮಾಕ್ಕೆ ಅಡ್ಡಿಯಿಲ್ಲ. ಬಣ್ಣದ ಹಿನ್ನೆಲೆಯ ಮೇಲೆ ಸಣ್ಣ ಅಕ್ಷರದ ಕನ್ನಡ ಓದಲು ಹೋದರೆ ಮಾತ್ರ ಒತ್ತಕ್ಷರಗಳ ಅಂಚು ಕಲಸಿಹೋಗಿರುತ್ತದೆ. 594ನ್ನು ಪೂರ್ತಿ ಹೊರುವ ಎಚ್‌ಡಿಎಂಐ 2.0 ಬಂದದ್ದು 2013ರಲ್ಲಿ.

ಹಾಗಾದರೆ ಗ್ರಾಫಿಕ್ಸ್ ಕಾರ್ಡ್ ಬದಲಿಸಿದರಾಯಿತಲ್ಲ? ಹಳೆಯ ಕೆಲವು ದಪ್ಪ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಅದು ಸಾಧ್ಯ. ತಳದ ಮುಚ್ಚಳ ತೆಗೆದು ಚಿಪ್‌ಗಳ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಎತ್ತಿದರೆ ಅಂಗೈಯಗಲದ ಒಂದು ಹಲಗೆ ಕಾಣುತ್ತದೆ. ಅದೇ ಎಂಎಕ್ಸ್‌ಎಂ ಕಾರ್ಡ್, ಬಿಚ್ಚಿ ಬದಲಿಸಬಹುದಾದ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಕಾರ್ಡ್. ದೊಡ್ಡದರ ಅಳತೆ 82×105 ಮಿ.ಮೀ. ಸ್ಕ್ರೂ ಬಿಚ್ಚಿದರೆ ಒಂದು ಬದಿ ಮೇಲೇಳುತ್ತದೆ, ಓರೆಯಾಗಿ ಹೊರಗೆಳೆಯಬಹುದು. ಹೊಸ ಕಾರ್ಡಿನ ಮೆಮೊರಿ ಚಿಪ್‌ಗಳು ಹಳೆ ಹೀಟ್‌ಸಿಂಕಿನ ಪ್ಯಾಡ್‌ಗಳಿಗೆ ಸರಿಯಾಗಿ ತಾಗಬೇಕು, ಲ್ಯಾಪ್‌ಟಾಪಿನ ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶ) ಆ ಕಾರ್ಡನ್ನು ಒಪ್ಪಬೇಕು. ಇಷ್ಟೆಲ್ಲ ಆದರೂ ಎಚ್‌ಡಿಎಂಐ ಪೋರ್ಟ್ ಇರುವುದು ಕಾರ್ಡಿನ ಮೇಲಲ್ಲ, ಮದರ್‌ಬೋರ್ಡಿನ ಮೇಲೆ. ಕಾರ್ಡಿನಿಂದ ಪೋರ್ಟಿಗೆ ಹೋಗುವ ದಾರಿಯಲ್ಲಿರುವ ಸಿಗ್ನಲ್ ಚಿಪ್ 340ಕ್ಕೇ ನಿಲ್ಲುವಂಥದ್ದಾಗಿದ್ದರೆ ಕಾರ್ಡಿಗೆ ಸುರಿದ ಹಣ ಈ ಪೋರ್ಟಿನಲ್ಲಿ ಕಾಣಿಸುವುದೇ ಇಲ್ಲ.

ಅದಕ್ಕೇ ನಾನು ಮೊದಲು ಮಾನಿಟರ್ ಜೋಡಿಸುವ ಇನ್ನೊಂದು ಬಗೆಯ ಪೋರ್ಟ್, ಮಿನಿ ಡಿಸ್‌ಪ್ಲೇಪೋರ್ಟ್, ಇದೆಯೇ ನೋಡಿ ಎನ್ನುವುದು. 2010ರ ಡಿಸ್‌ಪ್ಲೇಪೋರ್ಟ್ 1.2 ಮಟ್ಟದ್ದಾಗಿದ್ದರೆ ಅದು ಫೋರ್‌ಕೆಯನ್ನು 60 ಹರ್ಟ್ಸ್‌ನಲ್ಲೇ ಹೊರುತ್ತದೆ. ಬಿಚ್ಚುವ ಕೆಲಸವೇ ಬೇಡವಾಗಬಹುದು. ಇಲ್ಲಿ ಕೈಕೊಡುವುದು ಅಗ್ಗದ ಕನ್ವರ್ಟರ್. ಡಿಸ್‌ಪ್ಲೇಪೋರ್ಟನ್ನು ಎಚ್‌ಡಿಎಂಐ ಮಾಡುವ ಟೈಪ್ 1 ಪ್ಯಾಸಿವ್ (ಸಿಗ್ನಲ್ ಪರಿವರ್ತಿಸುವ ಚಿಪ್ ಇಲ್ಲದ) ಕನ್ವರ್ಟರ್‌ಗೆ 165 ಮೆಗಾಹರ್ಟ್ಸ್ ಮಿತಿಯಿದೆ. 2560×1440ಕ್ಕೆ 60 ಹರ್ಟ್ಸ್‌ನಲ್ಲಿ, ಖಾಲಿ ಜಾಗ ಕಡಿಮೆ ಮಾಡಿದರೂ, 241.5 ಬೇಕು. ಮಾನಿಟರ್ ಸರಿಯಿಲ್ಲವೆಂದು ವಾಪಸ್ ಕೊಡುವ ಮುನ್ನ ಕನ್ವರ್ಟರ್ ಬದಲಿಸಿ ನೋಡಿ. ಫೋರ್‌ಕೆ 60 ಹರ್ಟ್ಸ್‌ಗಾದರೆ ಎಚ್‌ಡಿಎಂಐ 2.0 ಎಂದು ಬರೆದಿರುವ, ಪರಿವರ್ತಿಸುವ ಚಿಪ್ ಒಳಗಿರುವ ಆ್ಯಕ್ಟಿವ್ ಕನ್ವರ್ಟರನ್ನೇ ಕೇಳಿ ತೆಗೆದುಕೊಳ್ಳಿ, ಅಂಗಡಿಯಲ್ಲೇ ಹಚ್ಚಿ ನೋಡಿ.

ಈಗ ಓಡುತ್ತಿರುವ ಪಿಕ್ಸೆಲ್ ಕ್ಲಾಕ್ ನೋಡಲು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕಸ್ಟಮ್ ರೆಸಲ್ಯೂಷನ್ ಪುಟ ತೆರೆಯಿರಿ. ಟೈಮಿಂಗ್ ಭಾಗದಲ್ಲಿ ಆ ಸಂಖ್ಯೆ ಇರುತ್ತದೆ.